ತಾಮ್ರದ ಗುಂಡು

"ಉಸಿರು ಬಿಡಿ ಯಜಮಾನ್ರೆ. ಪೂರ್ತಿ ಬಿಡಿ," ರೋಂಡಾ ಪಿಸುಗುಟ್ಟಿದಳು. "ಮೂರು ಅಂದಾಗ ಎಳೀರಿ. ಅದಕ್ಕೆ ಮುಂಚೆ ಬೇಡ."

"ಐದು ವರ್ಷದಿಂದ ಅದನ್ನೇ ಹೇಳ್ತಿದೀಯ ಹುಡುಗಿ," ಎಂದ ಟೋಫ್ಟ್. "ಮೂರರ ತನಕ ಎಣಿಸೋಕೆ ನಂಗೂ ಬರುತ್ತೆ."

ಕಣಿವೆಯ ಆಚೆ ಬದಿಯಲ್ಲಿ, ಹಿಮ ಕರಗಿ ಹುಲ್ಲು ಕಾಣುತ್ತಿದ್ದ ಕಡೆ, ಎಲ್ಕ್ ಜಾತಿಯ ಗಂಡು ಜಿಂಕೆಯೊಂದು ಅಡ್ಡಲಾಗಿ ನಿಂತಿತ್ತು. ಕುದುರೆಯಷ್ಟು ಎತ್ತರ, ಕೊಂಬಿನ ಎರಡೂ ಬದಿಗೆ ಆರಾರು ಕವಲು. ಟೋಫ್ಟ್ ಬಿದ್ದ ದಿಮ್ಮಿಯ ಮೇಲೆ ಕೋವಿಯಿಟ್ಟು ಬೋರಲಾಗಿ ಮಲಗಿದ್ದ. ಅವನಿಗೆ ಎಂಬತ್ತೊಂದು. ನಳಿಕೆಯ ತುದಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವನ ಬಲಕ್ಕೆ ಎರಡು ಮಾರು ದೂರ, ಸ್ಪ್ರೂಸ್ ಮರದ ಮರೆಯಲ್ಲಿ ಮಂಡಿಯೂರಿದ್ದ ರೋಂಡಾ ಸದ್ದಿಲ್ಲದೆ ತನ್ನ ಕೋವಿಯನ್ನೂ ಹೆಗಲಿಗೆ ಒತ್ತಿಕೊಂಡಳು. ಬೇಟೆಗಾರರನ್ನು ಬೆಟ್ಟಕ್ಕೆ ಕರೆತರುವವರು ಕರಡಿಯ ಭಯಕ್ಕೆಂದು ಕೋವಿ ಇಟ್ಟುಕೊಳ್ಳುವುದುಂಟು. ಅವಳ ಕೋವಿ ಈ ಮುದುಕನ ಜೊತೆ ಬಂದಾಗ ಒಮ್ಮೆಯೂ ಕರಡಿಯ ಕಡೆ ತಿರುಗಿರಲಿಲ್ಲ.

"ಒಂದು. ಎರಡು. ಮೂರು."

ಈಡು ಹಾರಿತು. ಎಲ್ಕಿನ ಹಿಂಭಾಗ ಒಮ್ಮೆಲೇ ಕುಸಿಯಿತು. ಮುಂಗಾಲ ಮೇಲೆ ಎದ್ದು, ಸತ್ತ ಸೊಂಟವನ್ನು ಎಳೆದುಕೊಂಡು ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಿತ್ತು. ಗುಂಡು ಬೆನ್ನುಮೂಳೆಗೆ ತಗುಲಿತ್ತು. ಒಂದು ಗೇಣು ಮೇಲಾಯಿತು ಎಂದುಕೊಳ್ಳುತ್ತಲೇ ರೋಂಡಾ ಪಕ್ಕಕ್ಕೆ ನೋಡಿದಳು. ಟೋಫ್ಟನ ಕೋವಿ ಹಿಂದಕ್ಕೆ ಒದ್ದಿರಲೇ ಇಲ್ಲ. ಈಡಿನ ಸದ್ದು ತಡೆಯಲು ಪ್ರತಿ ವರ್ಷ ಹಾಕಿಕೊಳ್ಳುತ್ತಿದ್ದ ಕಿವಿಮುಚ್ಚಿಗೆಯೂ ಇವತ್ತು ಅವನ ತಲೆಯ ಮೇಲಿರಲಿಲ್ಲ.

"ಒಳ್ಳೆ ಈಡು," ಎಂದ ಮುದುಕ. "ಯಾರದ್ದು?"

ಅವನು ಕೋವಿಯ ಬೋಲ್ಟ್ ಹಿಂದಕ್ಕೆಳೆದು ತೋರಿಸಿದ. ಒಳಗೆ ತೋಟೆ ಇರಲಿಲ್ಲ. ಜೇಬಿನಿಂದ ಚಪ್ಪಟೆಯಾದ ಬೂದು ಲೋಹದ ಚೂರೊಂದನ್ನು ತೆಗೆದು ದಿಮ್ಮಿಯ ಮೇಲಿಟ್ಟ.

"ಹೋದ ವರ್ಷ ಮಾಂಸ ಕೊಯ್ದವನು, ಒಳಗೆ ಸಿಕ್ತು ಅಂತ ಇದನ್ನ ಕವರಲ್ಲಿ ಹಾಕಿ ಕಳಿಸಿದ. ನನ್ನ ತೋಟೆ ನಾನೇ ತುಂಬ್ಕೊಳ್ಳೋದು, ಮೂವತ್ತು ವರ್ಷ ಆಯ್ತು. ತಾಮ್ರದ ಗುಂಡು ಬಿಟ್ಟು ಬೇರೆ ಮುಟ್ಟಿದ್ದೇ ಇಲ್ಲ. ಇದು ಸೀಸ."

ಆಚೆ ಬದಿಯಲ್ಲಿ ಎಲ್ಕ್ ಕೂಗಿತು. ಅಷ್ಟು ದೊಡ್ಡ ಮೈಯಿಂದ ಅಷ್ಟು ತೆಳ್ಳನೆಯ ಕೂಗು.

"ಯಜಮಾನ್ರೆ, ಮೊದ್ಲು ಅದನ್ನ ಮುಗಿಸೋಣ. ಆಮೇಲೆ ಬೈಯಿರಿ."

"ನಮ್ಮನೆ ಗೋಡೆ ಮೇಲೆ ಮೂರು ತಲೆ ಇವೆ. ಮೊಮ್ಮಕ್ಕಳಿಗೆ ಒಂದೊಂದರ ಕಥೆನೂ ಹೇಳಿದೀನಿ. ಗಾಳಿ ಎತ್ಲಿಂದ ಬೀಸ್ತಿತ್ತು ಅಂತ ಸಮೇತ. ಅದ್ರಲ್ಲಿ ನನ್ನದು ಯಾವ್ದು?"

ನಡುವಿನದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ರೋಂಡಾಳ ನಾಲಿಗೆಯ ತುದಿಗೆ ಅದು ಬಂದಿತ್ತು ಕೂಡ.

"ಒಂದೂ ಅಲ್ಲ."

ಮುದುಕ ತಲೆಯಾಡಿಸಿದ.

"ಮೊದಲನೇ ವರ್ಷ ನೆನಪಿದ್ಯಾ ನಿಮಗೆ?" ಎಂದಳು ಅವಳು. "ಹೊಟ್ಟೆಗೆ ಹೊಡೆದ್ರಿ. ಎರಡು ದಿನ ರಕ್ತ ಹಿಡಿದು ಹುಡುಕಿದ್ವಿ. ಸಿಗಲಿಲ್ಲ. ನೀವು ಡೇರೆ ಹಿಂದೆ ಹೋಗಿ ಅತ್ತಿರಿ. ಇನ್ನೊಂದ್ಸಲ ಅದು ನನ್ನ ಕೈಲಿ ಆಗ್ತಿರಲಿಲ್ಲ."

"ಯಾವ್ದು? ಹುಡುಕೋದಾ, ನಾನು ಅಳೋದನ್ನ ನೋಡೋದಾ?"

ಟೋಫ್ಟ್ ಎದೆಯ ಜೇಬು ತಟ್ಟಿದ. "ಬೇಟೆ ಚೀಟಿ ಇಲ್ಲಿದೆ, ನನ್ನ ಹೆಸರಲ್ಲಿ. ನಾನು ಇದನ್ನ ಅದರ ಕೊಂಬಿಗೆ ಕಟ್ಟದಿದ್ರೆ ಅದು ಕಳ್ಳಬೇಟೆ. ನಿನ್ನದು. ಪರವಾನಗಿ ಹೋಗುತ್ತೆ, ಕುದುರೆ ಹೋಗುತ್ತೆ, ಈ ಬೆಟ್ಟಕ್ಕೆ ಕಾಲಿಡೋ ಹಾಗಿಲ್ಲ."

"ಗೊತ್ತು."

"ಹಾಗಾದ್ರೆ ನಿನ್ನ ಕೋವಿ ಇಲ್ಲೇ ಇಡು. ಅದನ್ನ ನಾನು ಕೊಲ್ತೀನಿ."

"ಅಲ್ಲಿ ಹೋಗೋವಷ್ಟ್ರಲ್ಲಿ ಕಾಲು ಗಂಟೆ ಆಗುತ್ತೆ. ಇಲ್ಲಿಂದ ನಾನು ಒಂದೇ ಈಡಿಗೆ..."

"ಇಡು ಅಂದೆ."

ಅವಳು ಇಟ್ಟಳು. ಕಣಿವೆ ಇಳಿಯುವಾಗ ಮುದುಕ ಎರಡು ಸಲ ಜಾರಿ ಬಿದ್ದ. ಹಿಡಿಯಲು ಹೋದ ಅವಳ ಕೈಯನ್ನು ಎರಡೂ ಸಲ ಕೊಡವಿದ. ಆ ಹೊತ್ತೆಲ್ಲ ಕೂಗು ನಿಲ್ಲಲಿಲ್ಲ. ಹತ್ತಿರ ಹೋದಾಗ ನೆಲ ಉತ್ತ ಹಾಗಾಗಿತ್ತು. ಮುಂಗಾಲ ಗೊರಸು ಹುಲ್ಲು ಕಿತ್ತು ಮಣ್ಣು ಕಿತ್ತು, ಬೇರಿನವರೆಗೆ ಅಗೆದಿತ್ತು. ಬಾಯಲ್ಲಿ ನೊರೆ, ಬಿಳಿ ಕಾಣುವಂತೆ ಹೊರಳಿದ ಕಣ್ಣು.

ಟೋಫ್ಟ್ ಮೂರು ತೋಟೆ ತುಂಬಿದ. ಹದಿನೈದು ಹೆಜ್ಜೆಯಿಂದ ಹೊಡೆದ. ಈಡು ದವಡೆಗೆ ಬಿದ್ದು, ಕೆಳದವಡೆ ಚರ್ಮದಲ್ಲಿ ನೇತಾಡಿತು. ರಕ್ತ ಕೊಳಾಯಿಯಿಂದ ಬಿಟ್ಟಂತೆ ಸುರಿಯಿತು. ಈಗ ಅದು ಕೂಗುತ್ತಿರಲಿಲ್ಲ, ಗೊರಗೊರ ಎನ್ನುತ್ತಿತ್ತು.

"ಸಾಕು ಯಜಮಾನ್ರೆ! ದೇವರಾಣೆಗೂ ಸಾಕು!"

"ಬಾಯ್ಮುಚ್ಚು!"

ಎರಡನೆಯದು ಮಣ್ಣು ಹಾರಿಸಿತು. ಅವನು ಬೈಯುತ್ತ ಇನ್ನೂ ಹತ್ತಿರ ನುಗ್ಗಿದ. ರೋಂಡಾ ಕೂಗುವಷ್ಟರಲ್ಲಿ ಎಲ್ಕ್ ಕತ್ತನ್ನು ಬೀಸಿತು. ಕೊಂಬಿನ ಕವಲು ಅವನ ತೊಡೆಗೆ ನಾಟಿ, ಅವನನ್ನು ಎತ್ತಿ ಪಕ್ಕಕ್ಕೆ ಎಸೆಯಿತು. ಕೋವಿ ಜಾರಿಕೊಂಡು ಬಂದು ಅವಳ ಕಾಲ ಬಳಿ ನಿಂತಿತು.

ಅವಳು ಅದನ್ನೆತ್ತಿ, ಬೋಲ್ಟ್ ಎಳೆದು ಕೊನೆಯ ತೋಟೆಯನ್ನು ಒಳಗೆ ತಳ್ಳಿದಳು. ಮುದುಕನ ಪ್ಯಾಂಟಿನ ತೊಡೆ ಕಪ್ಪಗಾಗುತ್ತಿತ್ತು. ಅವನು ಮೊಣಕೈ ಮೇಲೆ ಎದ್ದು ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಎಲ್ಕಿನ ಕಿವಿಯ ಹಿಂಭಾಗ ಅವಳಿಗೆ ನೇರವಾಗಿ ಕಾಣುತ್ತಿತ್ತು. ಒಂದೇ ಬೆರಳಿನ ಕೆಲಸ.

"ಥೂ," ಎಂದಳು. ಆಮೇಲೆ ಅವನ ಬಳಿ ಓಡಿ, ಕಂಕುಳಿಗೆ ಕೈಹಾಕಿ ಎಬ್ಬಿಸಿ, ಕೋವಿಯನ್ನು ಅವನ ಎದೆಗೆ ಒತ್ತಿದಳು. "ಏಳ್ರಿ. ಭಾರ ನನ್ನ ಮೇಲೆ ಬಿಡಿ."

ಕೊಂಬಿಗೆ ಸಿಗದ ಕಡೆಯಿಂದ, ಬೆನ್ನ ಹಿಂದಿನಿಂದ, ಇಬ್ಬರೂ ಮೂರು ಹೆಜ್ಜೆಯಷ್ಟು ಹತ್ತಿರ ಹೋದರು. ರೋಂಡಾ ಅವನ ಮುಂದೆ ಮಂಡಿಯೂರಿ ನಳಿಕೆಯನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. ಅದರ ನಡುಕ ಅವಳ ಮೂಳೆಗೆ ಇಳಿಯಿತು. ಎರಡೂ ಕೈಯಿಂದ ನಳಿಕೆಯನ್ನು ಹೆಗಲಿಗೆ ಅದುಮಿ ಹಿಡಿದಳು.

"ಕಿವಿ ಮುಚ್ಕೋ," ಎಂದ ಅವನು.

"ಕೈ ಖಾಲಿ ಇಲ್ಲ. ಹೊಡೀರಿ."

ಈಡು ಹಾರಿದಾಗ ಅವಳ ತಲೆಯೊಳಗೆ ಏನೋ ಬಿಳಿಯಾಗಿ ಸಿಡಿಯಿತು. ಎಲ್ಕಿನ ತಲೆ ಧೊಪ್ಪನೆ ಬಿತ್ತು. ಧೊಪ್ಪೆಂದದ್ದು ಅವಳಿಗೆ ಕೇಳಿಸಲಿಲ್ಲ. ಮುಂಗಾಲುಗಳು ಎರಡು ಸಲ ಗಾಳಿಯನ್ನು ಒದ್ದು ನಿಂತವು.

ಅವಳು ತನ್ನ ಬೆಲ್ಟು ಬಿಚ್ಚಿ ಅವನ ತೊಡೆಗೆ ಬಿಗಿದಳು. ಅವನು ಎಲ್ಕಿನ ಹೊಟ್ಟೆಗೆ ಒರಗಿ ಕೂತು, ಎದೆಯ ಜೇಬಿನಿಂದ ಚೀಟಿ ತೆಗೆದು, ಚಾಕುವಿನ ತುದಿಯಿಂದ ಅದರಲ್ಲಿ ಅಚ್ಚಾಗಿದ್ದ ಅಂದಿನ ತಿಂಗಳನ್ನೂ ತಾರೀಖನ್ನೂ ಕೊಯ್ದು ಗುರುತು ಹಾಕಿದ. ಕೈ ತಪ್ಪಿ ತಾರೀಖಿನ ಪಕ್ಕದ್ದೂ ಸ್ವಲ್ಪ ಹರಿಯಿತು. ಆಮೇಲೆ ಅವಳತ್ತ ನೋಡಿ ಏನೋ ಹೇಳಿದ. ಅವನ ತುಟಿ ಅಲ್ಲಾಡುವುದು ಮಾತ್ರ ಕಂಡಿತು. ಅವಳು ತನ್ನ ಕಿವಿ ಮುಟ್ಟಿ ತಲೆಯಾಡಿಸಿದಳು. ಅವನು ಅದನ್ನು ಇನ್ನೊಮ್ಮೆ ಹೇಳಲಿಲ್ಲ.

ಚೀಟಿಯ ದಾರವನ್ನು ಅವನು ಕೊಂಬಿನ ಬುಡಕ್ಕೆ ಮೂರು ಸಲ ಸುತ್ತಿದ. ಮೂರು ಸಲವೂ ಬಿಚ್ಚಿಕೊಂಡಿತು. ರೋಂಡಾ ಅವನ ಕೈಯಿಂದ ದಾರದ ಎರಡೂ ತುದಿ ತೆಗೆದುಕೊಂಡು ಒಂದು ಸುತ್ತು ಹಾಕಿ, ಮುಖ ಎತ್ತಿ ಕಾದಳು. ಮುದುಕ ರಕ್ತ ಅಂಟಿದ ತನ್ನ ತೋರುಬೆರಳನ್ನು ತಂದು ದಾರ ಕೂಡುವ ಕಡೆ ಇಟ್ಟ. ಅವಳು ಅದರ ಮೇಲೆಯೇ ಗಂಟು ಬಿಗಿದಳು. ಬೆರಳು ಅಲ್ಲಿಯೇ ಇತ್ತು.