ಮೂವತ್ತೊಂದು ಮನೆಯ ನಂಬರು

ದೇವಿಂದ್ರ ಸತ್ತ ತಮ್ಮ ಭಗವಂತನ ಬಿಳಿ ಅಂಗಿಯ ಎದೆಜೇಬಿಗೆ ಫೋನು ಇಳಿಸಿ ಗುಂಡಿ ಹಾಕುತ್ತಿದ್ದಾಗಲೇ ಅದು ಗುರ್ ಎಂದು ನಡುಗಿತು. ಅವನು ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಹೆಣದ ಎದೆಯ ಮೇಲಿನ ಬಟ್ಟೆ ಒಂದು ಗಳಿಗೆ ಅದುರಿ ಮತ್ತೆ ಸುಮ್ಮನಾಯಿತು. ತಲೆದೆಸೆಯಲ್ಲಿ ಉರಿಯುತ್ತಿದ್ದ ಮೇಣದಬತ್ತಿ ನೋಡುತ್ತ ಕೂತಿದ್ದ ತುಳಜಾಬಾಯಿ ಕಣ್ಣೆತ್ತಿದಳು. ಆ ಸದ್ದು ಎಂಥದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕರೆಯಾಗಿದ್ದರೆ ಹಾಡು ಬರುತ್ತಿತ್ತು. ಇದು ಮೆಸೇಜು. ಓಟಿಪಿ.

ಶಹಾಬಾದಿನ ಆ ಓಣಿಯಲ್ಲಿ ಹಿಂದಿನಿಂದ ಒಂದು ರೂಢಿ ಇತ್ತು. ಸತ್ತವರ ಕೈ ಯಾವುದಕ್ಕೆ ಒಗ್ಗಿತ್ತೋ ಅದನ್ನು ಅವರ ಸಂಗಡ ಕುಣಿಯಲ್ಲಿ ಇಡಬೇಕು. ತಂಬಾಕಿನವರಿಗೆ ತಂಬಾಕಿನ ಚೀಲ, ಗೌಂಡಿಗೆ ಅವನ ಕರಣಿ. ದೇವಿಂದ್ರನ ತಂದೆಯ ಪಕ್ಕದಲ್ಲಿ ಕಲ್ಲು ಒಡೆಯುವ ಉಳಿ ಇಟ್ಟಿದ್ದರು. ಭಗವಂತನಿಗೆ ಏನಿಡುವುದು ಎಂಬ ಮಾತು ಬೆಳಿಗ್ಗೆ ಬಂದಾಗ ಯಾರೂ ತಲೆ ಕೆರೆದುಕೊಳ್ಳಲಿಲ್ಲ.

“ಅವನ ಜೀವ ಇದರಾಗೇ ಇತ್ತು. ಇದನ್ನ ಬಿಟ್ಟು ನಿದ್ದಿ ಸೈತ ಮಾಡಿಲ್ಲ,” ಎಂದಿದ್ದ ದೇವಿಂದ್ರ.

ತುಳಜಾಬಾಯಿ ಬೇಡ ಅನ್ನಲಿಲ್ಲ. ಹೋಗಲಿ, ಸವತಿಯೂ ಸಂಗಡವೇ ಹೋಗಲಿ ಎಂದು ಅವಳ ಮನಸ್ಸಿನ ಯಾವುದೋ ಮೂಲೆ ಹೇಳಿತ್ತು. ನಿನ್ನೆ ಸಂಜೆ ನಾಡಕಚೇರಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತ ಗಂಡ ಅಲ್ಲಿಂದ ಏಳಲೇ ಇಲ್ಲ. ಅವನ ಇನ್ನೊಂದು ಕೈಯಲ್ಲಿ ಆಗಲೂ ಇದ್ದದ್ದು ಇದೇ ಗುಂಡಿ ಒತ್ತುವ ಹಳೆಯ ಫೋನು.

ಸೇಡಮಿನ ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳು ಮೈತ್ರಿ ಬಂದು ಮುಟ್ಟಿದ ಮೇಲೆ ಹೆಣ ಎತ್ತುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಕಾಯಬೇಕು. ಆದರೆ ಅಂಗಳದಲ್ಲಿ ಕೂತ ಹೆಂಗಸರಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಒಬ್ಬಳು ಏಳುವಳು, ಬಾಗಿಲವರೆಗೆ ಹೋಗಿ ಓಣಿಯ ತುದಿ ನೋಡಿ ಬರುವಳು. ಇನ್ನೊಬ್ಬಳು ಅಳುತ್ತಳುತ್ತಲೇ ಹೊತ್ತೆಷ್ಟೆಂದು ಕೇಳುವಳು. ಎಲ್ಲರ ಸೆರಗಿನೊಳಗೆ ಮಡಿಚಿದ ಚೀಲ ಇದ್ದದ್ದನ್ನು ತುಳಜಾಬಾಯಿ ಈಗ ಕಂಡಳು. ಅವರ ನೋಟ ಸತ್ತವನ ಮುಖದ ಮೇಲೆ ಇರಲಿಲ್ಲ. ಎದೆಜೇಬಿನ ಮೇಲೆ ಇತ್ತು.

ಅವತ್ತು ತಿಂಗಳ ಕೊನೆಯ ದಿನ. ನಾಲ್ಕು ದಿನದಿಂದ ರೇಷನ್ ಅಂಗಡಿಯ ಸರ್ವರ್ ಬಿದ್ದಿತ್ತು. ಇವತ್ತು ಬೆಳಿಗ್ಗೆ ಎದ್ದಿತ್ತು. ಸಂಜೆ ಐದಕ್ಕೆ ಅಂಗಡಿ ಮುಚ್ಚಿದರೆ ಈ ತಿಂಗಳ ಅಕ್ಕಿ ಮತ್ತೆ ಸಿಗುವುದಿಲ್ಲ.

ಜೇಬು ಇನ್ನೊಮ್ಮೆ ಗುರ್ ಎಂದಿತು. ಪಕ್ಕದ ಮನೆಯ ಅಖ್ತರ ಬೇಗಂ ತುಳಜಾಬಾಯಿಯ ಕಿವಿಯ ಹತ್ತಿರ ಬಾಗಿದಳು.

“ಬಸ್ಸಮ್ಮಂದು ಇರಬೇಕು ತುಳಜಾ. ಮುಂಜಾನಿಂದ ಅಂಗಡಿ ಮುಂದ ಕುಂತಾಳ. ಕೇಳಾಕ ಯಾರಿಗೂ ಬಾಯಿಲ್ಲ, ಶರಮ್ ಬರ್ತದ. ಆದ್ರ ಹೊಟ್ಟಿಗಿ ಸೂತಕ ಇಲ್ಲವ್ವ.”

*

ಮೊದಲು ಅದು ಒಂದೇ ಮನೆಗೆ ಕೊಟ್ಟ ನಂಬರಾಗಿತ್ತು.

ಬುದ್ಧ ವಿಹಾರದ ಮುಂದಿನ ಕೋಣೆಗೆ ಯಾವುದೋ ಸಂಸ್ಥೆಯವರು ಬಂದು ‘ನೆರವು ಕೇಂದ್ರ’ ಎಂದು ಬೋರ್ಡು ಹಾಕಿದ ಕಾಲ. ಒಂದು ಮೇಜು, ಎರಡು ಕುರ್ಚಿ, ಅರ್ಜಿ ಬರೆಯಲು ಭಗವಂತ. ಎರಡು ವರ್ಷಕ್ಕೆ ಸಂಸ್ಥೆ ಹೋಯಿತು, ಕುರ್ಚಿಗಳೂ ಹೋದವು. ಬೋರ್ಡು ಉಳಿಯಿತು, ಭಗವಂತ ಉಳಿದ. ಮಧ್ಯಾಹ್ನದವರೆಗೆ ಕಲ್ಲು ಪಾಲಿಶಿನ ಕೆಲಸ, ಆಮೇಲೆ ವಿಹಾರದ ಕಟ್ಟೆ. ವಿಧವಾ ವೇತನ, ಮುದುಕರ ಪಿಂಚಣಿ, ಕುಂಟರ ಸರ್ಟಿಫಿಕೇಟು. ಕಚೇರಿಯ ಯಾವ ಕಿಟಕಿಯ ಹಿಂದಿನ ಗುಮಾಸ್ತ ಎಷ್ಟು ಹೊತ್ತಿಗೆ ಚಹಾಕ್ಕೆ ಏಳುತ್ತಾನೆ ಎಂಬುದು ಅವನಿಗೆ ಸೂರ್ಯ ಹುಟ್ಟುವ ಹೊತ್ತಿನಷ್ಟೇ ಖಚಿತವಾಗಿ ಗೊತ್ತಿತ್ತು.

ಬಸ್ಸಮ್ಮ ನಲವತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ತಿಕ್ಕಿದವಳು. ಕಲ್ಲು ನುಣುಪಾದಂತೆ ಅವಳ ಬೆರಳೂ ನುಣುಪಾಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷಿನ್ನು ಮೂರು ತಿಂಗಳು ಅವಳನ್ನು ಒಪ್ಪಲಿಲ್ಲ. ಎಣ್ಣೆ ಸವರಿ ನೋಡಿದರು, ನಿಂಬೆಹುಳಿಯಿಂದ ತೊಳೆದು ನೋಡಿದರು. ಬೆರಳಲ್ಲಿ ಗೆರೆಯೇ ಇಲ್ಲದಿದ್ದರೆ ಮಷಿನ್ನಾದರೂ ಏನು ಓದೀತು? ಮನೆಯಲ್ಲಿ ಗಂಡ ಕಲ್ಲಿನ ಧೂಳು ಕುಡಿದು ದಮ್ಮು ಹತ್ತಿ ಮಲಗಿದ್ದ. ಬೆರಳು ಬಾರದವರಿಗೆ ಫೋನಿಗೆ ನಂಬರು ಬರುತ್ತದೆ, ಅದನ್ನು ಹೇಳಿದರೆ ಅಕ್ಕಿ ಕೊಡುತ್ತೇವೆ ಎಂದರು. ಬಸ್ಸಮ್ಮನ ಹತ್ತಿರ ಫೋನು ಎಲ್ಲಿಯದು?

“ಸದ್ಯಕ್ಕ ನಂದೇ ನಂಬರ್ ಇರಲಿ ಬಸ್ಸಮ್ಮ. ನೀ ಫೋನ್ ತಗೊಂಡ ದಿನ ಬದಲಿ ಮಾಡಿಸೋಣು,” ಎಂದ ಭಗವಂತ.

ಬಸ್ಸಮ್ಮ ಫೋನು ತೆಗೆದುಕೊಳ್ಳಲಿಲ್ಲ. ಆದರೆ ಅವಳಿಗೆ ಅಕ್ಕಿ ಬಂತೆಂಬ ಸುದ್ದಿ ಓಣಿಯೆಲ್ಲ ತಿರುಗಿತು. ಬೆರಳು ಸವೆದ ಓಣಿ ಅದು. ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಒಬ್ಬರಿಗೆ ಹೂಂ ಎಂದ ಬಾಯಿಂದ ಇನ್ನೊಬ್ಬರಿಗೆ ಊಹೂಂ ಅನ್ನಲು ಅವನಿಗೆ ಬರಲಿಲ್ಲ. ಎಲ್ಲರ ಅರ್ಜಿಯಲ್ಲೂ ಫೋನ್ ನಂಬರಿನ ಖಾನೆಯಲ್ಲಿ ಅದೇ ಹತ್ತು ಅಂಕಿ. ಮೂವತ್ತೊಂದು ಮನೆ. ಹೀಗೆ ಮಾಡಬಾರದೆಂದು ಅವನಿಗೂ ಗೊತ್ತಿತ್ತು. ಬರುವ ತಿಂಗಳು ಬದಲಿಸೋಣ ಎಂದು ಪ್ರತಿ ತಿಂಗಳೂ ಹೇಳುತ್ತಿದ್ದ.

ಆಮೇಲೆ ಅವನಿಗೆ ಊರು ಬಿಟ್ಟು ಹೋಗುವುದೇ ಆಗಲಿಲ್ಲ. ಒಮ್ಮೆ ನಾಗಪುರದ ದೀಕ್ಷಾಭೂಮಿ ತೋರಿಸುತ್ತೇನೆಂದು ಹೆಂಡತಿಯನ್ನು ಕರೆದುಕೊಂಡು ವಾಡಿ ಜಂಕ್ಷನ್ನಿನವರೆಗೆ ಹೋದ. ರೈಲು ಬರುವ ಮೊದಲು ಫೋನು ಬಂತು. ದೀಕ್ಷಾಭೂಮಿಯ ಜನಜಂಗುಳಿಯಲ್ಲಿ ಎರಡು ದಿನ ಫೋನು ಕೇಳಿಸಲಿಕ್ಕಿಲ್ಲ ಎಂದು ಅವನ ಮುಖ ಸಣ್ಣಗಾಯಿತು. ಇಬ್ಬರೂ ಪ್ಲಾಟ್‌ಫಾರಮ್ಮಿನಿಂದಲೇ ತಿರುಗಿದರು. ಬುತ್ತಿಯ ರೊಟ್ಟಿ ಮನೆಯಲ್ಲಿ ಬಿಚ್ಚಿದರು. ತಿನ್ನುವಾಗ ಅವನು ಇನ್ನೊಂದು ವರ್ಷ ಎಂದ. ಅವಳು ಬುತ್ತಿಯ ಅರಿವೆ ಮಡಿಚಿಟ್ಟಳು.

*

ಮೈತ್ರಿ ಬಂದಳು. ಅಪ್ಪನ ಕಾಲು ಹಿಡಿದುಕೊಂಡು ಅತ್ತಳು. ಅವಳ ಅಳುವಿನ ನಡುವೆಯೂ ಜೇಬು ಮತ್ತೊಮ್ಮೆ ಗುರುಗುಟ್ಟಿತು.

ದೇವಿಂದ್ರ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಅವನಿಗೂ ತಮ್ಮ ಹೋದ ಸಂಕಟ. ಅದು ಸಿಟ್ಟಾಗಿ ಹೊರಗೆ ಬರುತ್ತಿತ್ತು. “ಆ ಮುದುಕಿ ಬಸ್ಸಮ್ಮನ ಸಲುವಾಗಿ ಇವ ಕಚೇರಿ ಮೆಟ್ಟಲ ಹತ್ತಿ ಹತ್ತಿ ಸತ್ತ. ಅಕಿ ನೋಡಿದ್ರ ಮಾರಿ ನೋಡಾಕ ಬರಲಾರ್ದೆ ಅಕ್ಕಿಗಿ ಪಾಳಿ ಹಚ್ಯಾಳ. ಇಂಥವ್ರಿಗೆ ಮಾಡಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ.”

ಸೆರಗಿನೊಳಗಿನ ಚೀಲಗಳು ಇನ್ನಷ್ಟು ಒಳಗೆ ಹೋದವು.

ಬಸ್ಸಮ್ಮನ ಹೆಸರು ಕೇಳಿದ್ದೇ ತುಳಜಾಬಾಯಿಯ ಕಣ್ಣು ಒಳಗಿನ ಜೋಳದ ಡಬ್ಬಿಯ ಕಡೆ ಹೋಯಿತು.

*

ಹೋದ ವರ್ಷದ ಮಾತು. ಮೈತ್ರಿ ಏಳು ತಿಂಗಳ ಬಸುರಿ. ಚಿಮ್ಮನಚೋಡದ ಬೀಗರ ಮನೆಯಲ್ಲಿ ಕುಬಸದ ಕಾರ್ಯ. ಇದ್ದೊಬ್ಬ ಮಗಳ ಕಾರ್ಯದಲ್ಲಾದರೂ ಗಂಡ ಒಂದು ಕಡೆ ನೆಟ್ಟಗೆ ಕೂಡಲಿ ಎಂದು ತುಳಜಾಬಾಯಿ ಹೊರಡುವ ಮೊದಲು ಫೋನನ್ನು ಜೋಳದ ಡಬ್ಬಿಯೊಳಗೆ ಹುಗಿದಳು. ಬಸ್ಸು ಚಿಂಚೋಳಿಯ ದಾರಿ ಹಿಡಿದಾಗ ಅವನು ಜೇಬು ಮುಟ್ಟಿಕೊಂಡು ಗಾಬರಿಯಾದ. ಮನೆಯಲ್ಲಿ ಉಳಿದಿರಬೇಕು ಬಿಡ್ರಿ ಎಂದಳು ಅವಳು. ಅವನು ಇಳಿಯುತ್ತೇನೆಂದು ಎದ್ದ. ಮತ್ತೆ ಹೆಂಡತಿಯ ಮುಖ ನೋಡಿ ಕೂತ. ಕಾರ್ಯದಲ್ಲಿ ಎಲ್ಲರೊಂದಿಗೆ ನಕ್ಕ, ಹೋಳಿಗೆ ಉಂಡ. ಆದರೆ ಅವನ ಕೈ ಇಡೀ ದಿನ ಖಾಲಿ ಜೇಬಿನ ಮೇಲೇ ಇತ್ತು.

ಅವತ್ತೂ ತಿಂಗಳ ಕೊನೆ. ಬಸ್ಸಮ್ಮ ಒಬ್ಬಳೇ ಉಳಿದಿದ್ದಳಂತೆ. ಸಂಜೆಯವರೆಗೆ ಅಂಗಡಿಯ ಕಟ್ಟೆಯ ಮೇಲೆ ಕೂತು ಖಾಲಿ ಚೀಲ ಹಿಡಿದು ಮನೆಗೆ ಹೋದಳಂತೆ.

ಭಗವಂತ ಡಬ್ಬಿಗೆ ಕೈ ಹಾಕಿ ಫೋನು ತೆಗೆದ. ಅದಕ್ಕೆ ಅಂಟಿದ ಜೋಳದ ಧೂಳನ್ನು ಧೋತರದ ತುದಿಯಿಂದ ಒರೆಸಿದ. ಅಲ್ಲಿ ಹೇಗೆ ಹೋಯಿತೆಂದು ಕೇಳಲಿಲ್ಲ. ಮರುದಿನ ತನ್ನ ತಾಟಿನ ಎರಡು ರೊಟ್ಟಿ ತೆಗೆದು ಅರಿವೆಯಲ್ಲಿ ಕಟ್ಟಿ ಬಸ್ಸಮ್ಮನ ಮನೆಗೆ ಒಯ್ದ. ಆ ಇಡೀ ತಿಂಗಳು ಒಯ್ದ. ಮೂರನೆಯ ದಿನದಿಂದ ತುಳಜಾಬಾಯಿ ತಾನಾಗಿ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯತೊಡಗಿದಳು. ಅವನು ಬೈದಿದ್ದರೆ ಅದು ಅವತ್ತಿಗೇ ತೀರಿಹೋಗುತ್ತಿತ್ತು. ಬಯ್ಯಲಿಲ್ಲ.

*

ತುಳಜಾಬಾಯಿ ಎದ್ದು ನಿಂತಳು. ಹೆಣ ಎತ್ತುವವರೆಗೆ ಹೆಂಡತಿಯಾದವಳು ಏಳಬಾರದು ಎಂದು ಯಾರೋ ಕೈ ಹಿಡಿದರು. ಅವಳು ಬಿಡಿಸಿಕೊಂಡಳು. ಗಂಡನ ಎದೆಯ ಮೇಲೆ ಬಾಗಿ ಜೇಬಿನ ಗುಂಡಿ ಬಿಚ್ಚಿದಳು.

“ಹೆಣದ ಮ್ಯಾಲಿಂದು ಮುಟ್ಟಬ್ಯಾಡ,” ಎಂದ ದೇವಿಂದ್ರ. “ಸತ್ತವಗ ಕೊಟ್ಟಿದ್ದು ವಾಪಸ್ ತಗೋಬಾರದು.”

ಈ ಮನೆಗೆ ಬಂದ ಮೂವತ್ತು ವರ್ಷದಲ್ಲಿ ಅವಳು ಭಾವನ ಎದುರಿಗೆ ನಿಂತು ಮಾತಾಡಿದವಳಲ್ಲ. ಹೇಳುವುದಿದ್ದರೆ ಬಾಗಿಲ ಹಿಂದೆ ನಿಂತು ಗೋಡೆಗೆ ಹೇಳುತ್ತಿದ್ದಳು. ಇವತ್ತು ಅವನ ಮುಖ ನೋಡಿದಳು.

“ಇದು ಅವರದಲ್ರಿ ಭಾವ. ಅವರದಾಗಿದ್ದರ ನಾನೇ ಇಡತಿದ್ದೆ.”

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿದ್ದವು. ಹರೆಯದಲ್ಲಿ ಅವಳೂ ಪಾಲಿಶಿಗೆ ಹೋದವಳು. ಕಲ್ಲಿನ ಬೆನ್ನಿಗೆ ಸೀಮೆಸುಣ್ಣದಲ್ಲಿ ಬರೆದ ಅಳತೆ ನೋಡಿ ನೋಡಿ ಕಲಿತಿದ್ದಳು. ಯಾವ ಗುಂಡಿ ಒತ್ತಿದರೆ ಮೆಸೇಜು ತೆರೆಯುತ್ತದೆ ಎಂಬುದು ಗಂಡನ ಹೆಬ್ಬೆರಳು ನೋಡಿಯೇ ಗೊತ್ತಿತ್ತು. ಕೊಡವ್ವ ನಾ ಓದ್ತೀನಿ ಎಂದು ಮೈತ್ರಿ ಕೈ ಚಾಚಿದಳು. ತುಳಜಾಬಾಯಿ ಕೊಡಲಿಲ್ಲ. ರೇಷನ್ ಅಂಗಡಿಯ ಮಷಿನ್ನು ನೋಡುವ ಕಲೀಮನಿಗೆ ತಾನೇ ಕರೆ ಹಚ್ಚಿದಳು.

ಆ ಕಡೆಯಿಂದ ಕಲೀಮ, “ಮಾಫ್ ಮಾಡ್ರಿ ಭಾಭಿ. ಬಸ್ಸಮ್ಮಂದು ಮೂರು ಸಲ ಕಳಸೀನಿ, ಮೂರೂ ಟೈಮ್ ಮುಗದು ಹ್ವಾದ್ವು. ನಿಮಗ ಫೋನ್ ಮಾಡಾಕ ಕೈ ಬರಲಿಲ್ಲ,” ಎಂದ.

“ಮತ್ತ ಕಳಸು. ಉಳದವ್ರನ್ನೂ ಕಳಸ್ತೀನಿ,” ಎಂದಳು. ಆಮೇಲೆ ಅಂಗಳದ ಕಡೆ ತಿರುಗಿ, ಯಾರ ಮುಖವನ್ನೂ ನೋಡದೆ, ಹೋಗ್ರಿ ಎಂದಳು.

ಮೊದಲು ಅಖ್ತರ ಬೇಗಂ ಎದ್ದಳು. ಆಮೇಲೆ ಅಂಗಳವೇ ಎದ್ದಂತಾಯಿತು. ಸತ್ತ ಮನೆಯಲ್ಲಿ ಮೈತ್ರಿ, ನಾಲ್ಕಾರು ಗಂಡಸರು, ವಿಹಾರದ ಭಿಕ್ಷು ಭಂತೇಜಿ ಉಳಿದರು. ಹೊರುವ ಹೊತ್ತಿಗೆ ಊರಿಗೆ ಊರೇ ಅಕ್ಕಿ ಅಂಗಡಿಯಲ್ಲಿ ಎಂದು ದೇವಿಂದ್ರ ಹಲ್ಲು ಕಡಿದ. ಭಂತೇಜಿ ಬಿಸಿಲು ನೋಡಿ, ಇನ್ನೊಂದು ತಾಸು ತಡ ಮಾಡೋಣ ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು.

ಅವಳು ಗಂಡನ ತಲೆಯ ಹತ್ತಿರ ಕೂತು ಓದಿದಳು. ಫೋನು ಗುರ್ ಎನ್ನುವುದು, ಕಲೀಮ ಕಾರ್ಡಿನ ಹೆಸರು ಹೇಳುವುದು, ಇವಳು ಆರು ಅಂಕಿ ಒಂದೊಂದಾಗಿ ಹೇಳುವುದು. ನಡುವೆ ಸರ್ವರ್ ನಿಂತಿತು, ಮತ್ತೆ ನಡೆಯಿತು. ಗಂಡಸರು ಬಾಗಿಲು ನೋಡಿದರು, ಹೊತ್ತು ನೋಡಿದರು, ಬೀಡಿ ಹಚ್ಚಿದರು, ಆರಿಸಿದರು. ನಾಳೆ ತಾನೂ ವಿಧವಾ ವೇತನದ ಅರ್ಜಿ ಹಾಕಬೇಕು, ಅದರಲ್ಲೂ ಫೋನ್ ನಂಬರಿನದೊಂದು ಖಾನೆ ಇರುತ್ತದೆ ಎಂದು ಅವಳಿಗೆ ಹೊಳೆಯಿತು. ಕಣ್ಣೀರು ಬಂದದ್ದು ಆಗ. ಫೋನಿನ ಮೇಲೆ ಬಿದ್ದದ್ದನ್ನು ಸೆರಗಿನಿಂದ ಒರೆಸಿ ಮುಂದಿನದು ಓದಿದಳು.

ಮೂವತ್ತು ಮನೆ ಮುಗಿದವು. ಬಸ್ಸಮ್ಮನದು ಮಾತ್ರ ಆಗಲಿಲ್ಲ. ಈಗ ಅವಳ ಹೆಸರು ಒತ್ತಿದಾಗಲೆಲ್ಲ ಮಷಿನ್ನು ಸುಮ್ಮನೆ ತಿರುಗುತ್ತದೆ, ನಂಬರು ಕಳಿಸುವುದಿಲ್ಲ ಎಂದ ಕಲೀಮ. ನಾಲ್ಕು ಬಡಿದಿತ್ತು. ಇನ್ನು ತಡೆಯಲಾಗುವುದಿಲ್ಲ ಎಂದು ಹೆಣ ಎತ್ತಿದರು.

ಓಣಿಯ ತಿರುವಿನಲ್ಲಿ ಹೆಂಗಸರು ತುಂಬಿದ ಚೀಲ ತಲೆಯ ಮೇಲೆ ಹೊತ್ತೇ ಬಂದು ಮೆರವಣಿಗೆಗೆ ಕೂಡಿಕೊಂಡರು. ಮನೆಗೆ ಇಟ್ಟು ಬರಲು ಹೊತ್ತಿರಲಿಲ್ಲ. ಬಸ್ಸಮ್ಮ ಅವರಲ್ಲಿ ಇರಲಿಲ್ಲ.

ಊರಾಚೆ ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಗೆ ಮಣ್ಣು ತುಂಬಿ ಮಾಡಿದ ಸ್ಮಶಾನ. ಸುತ್ತ ಎರಡಾಳೆತ್ತರದ ಕಲ್ಲಿನ ಗೋಡೆ. ಭಂತೇಜಿ ಬುದ್ಧಂ ಸರಣಂ ಗಚ್ಛಾಮಿ ಎಂದು ತ್ರಿಸರಣ ಹೇಳಿಕೊಟ್ಟರು. ಒಂದೊಂದು ಸಾಲನ್ನೂ ಜನ ಹಿಂದಿನಿಂದ ಹೇಳಿದರು. ಭಗವಂತನನ್ನು ಕುಣಿಗೆ ಇಳಿಸಿದರು. ದೇವಿಂದ್ರ ಕುಣಿಯ ಅಂಚಿನಿಂದ ತುಳಜಾಬಾಯಿಯ ಕಡೆ ಕೈ ಚಾಚಿದ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಬರಿಗೈಲೆ ಕಳಸಬ್ಯಾಡ ತಂಗಿ. ಮೂವತ್ತು ಮನೀದು ಆತಲ್ಲ. ಕೊಡು.”

ಅವಳು ಫೋನು ನೋಡಿದಳು. ಗಣಿಯ ತಳದಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಹೊತ್ತು ಐದಕ್ಕೆ ಹತ್ತು ನಿಮಿಷ ಇತ್ತು. ಅವಳು ಸುತ್ತ ನೋಡಿದಳು; ಆ ತಗ್ಗಿನಲ್ಲಿ ಎತ್ತರದ ಜಾಗವೆಂದರೆ ಕುಣಿಯಿಂದ ತೆಗೆದು ಒಟ್ಟಿದ ಮಣ್ಣಿನ ದಿಬ್ಬ ಒಂದೇ. ಸೀರೆ ಎತ್ತಿ ಹಿಡಿದು ಅದರ ಮೇಲೆ ಹತ್ತಿದಳು. ಕಾಲ ಕೆಳಗೆ ಹಸಿ ಮಣ್ಣು ಜಾರಿತು, ಒಂದಿಷ್ಟು ಕುಣಿಯೊಳಗೆ ಉದುರಿತು. ಮೈತ್ರಿ ಓಡಿ ಬಂದು ಕೆಳಗಿನಿಂದ ಅವಳ ಸೊಂಟ ಹಿಡಿದಳು. ಫೋನು ಮೇಲೆತ್ತಿದ ಕೈಯಲ್ಲಿ ಗುರ್ ಎಂದಿತು. ಹಿಂದೆಯೇ ಕಲೀಮನ ಕರೆ.

“ಭಾಭಿ, ಬಸ್ಸಮ್ಮಂದು ಬಂತೇನ್ರಿ? ಜೋರ್ಲೆ ಹೇಳ್ರಿ, ಗಾಳಿ ಭಾಳ ಅದ.”

ಕೆಳಗೆ ಜನ ಕುಣಿಯ ಸುತ್ತ ಒಂದೊಂದು ಹಿಡಿ ಮಣ್ಣು ಹಿಡಿದು ನಿಂತಿದ್ದರು. ದೇವಿಂದ್ರ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಬಾಗಿ, ತಾನೂ ಒಂದು ಹಿಡಿ ತೆಗೆದುಕೊಂಡ. ಯಾರೂ ಹಾಕಲಿಲ್ಲ.

“ಏಳು,” ಎಂದು ತುಳಜಾಬಾಯಿ ಕೂಗಿದಳು.

ಭಂತೇಜಿಯ ಹಿಂದೆ ಸಾಲು ಹೇಳಿದ ನಾಲಿಗೆಗಳು ಇನ್ನೂ ಆ ಲಯದಲ್ಲೇ ಇದ್ದವೋ ಏನೋ, ಕೆಳಗೆ ಯಾರೋ ಮೆಲ್ಲಗೆ ಏಳು ಎಂದರು.

“ಸೊನ್ನಿ.”

“ಸೊನ್ನಿ,” ಎಂದರು ನಾಲ್ಕು ಜನ.

“ಎರಡು.”

ಮುಷ್ಟಿಗಳ ಸಂದಿನಿಂದ ಮಣ್ಣು ಸಣ್ಣಗೆ ಸೋರುತ್ತಿತ್ತು. ಎಲ್ಲರೂ ತಲೆ ಎತ್ತಿ, ದಿಬ್ಬದ ಮೇಲಿನಿಂದ ಬರುವ ಮುಂದಿನ ಅಂಕಿಗೆ ಕಾಯುತ್ತಿದ್ದರು.