ಹರಾಜಿನವರ ದನಿ

ಮೈಕಿನ ನೆತ್ತಿಯ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಮಗಳು ವೈರನ್ನು ಕಿತ್ತು ಕಂಪ್ಯೂಟರಿನ ಹಿಂಬದಿಯ ಇನ್ನೊಂದು ತೂತಿಗೆ ಸಿಕ್ಕಿಸಿದಳು. ಅಪ್ಪ "ಹಲೋ" ಎಂದರು. ಪರದೆಯ ಮೇಲಿನ ಗೆರೆ ಅಲುಗಲಿಲ್ಲ.

"ನನ್ನ ಗಂಟಲಿನ ಹಾಗೆ ಇದೂ ಕೆಟ್ಟಿದೆ ಅನ್ಸುತ್ತೆ, ಬಿಡು."

"ಸುಮ್ನಿರಪ್ಪ." ಅವಳು ಮೈಕನ್ನು ತಿರುಗಿಸಿ ನೋಡಿದಳು. ದೀಪದ ಪಕ್ಕದ ಗುಂಡಿ ದನಿಯನ್ನು ಮುಚ್ಚಿಡುವಂಥದ್ದು. ಒತ್ತಿದೊಡನೆ ದೀಪ ಹಸಿರಾಯಿತು. ಫ್ಯಾನ್ ಆರಿಸಿ, ಮೇಜಿನ ಸದ್ದು ಸೇರದಿರಲೆಂದು ಮೈಕಿನ ಕೆಳಗೆ ಟವೆಲ್ ಮಡಚಿಟ್ಟಳು.

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅಪ್ಪನ ಕೆಲಸ. ಲಾರಿಗಳ ಗದ್ದಲವನ್ನೂ ಮೀರಿ ಕೊನೆಯ ಅಂಗಡಿಯವರೆಗೆ ಮುಟ್ಟುತ್ತಿದ್ದ ಆ ಕಂಠ ಮಳೆಗಾಲದಲ್ಲಿ ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಎಂದುಕೊಂಡು ಬಿಸಿನೀರು ಕುಡಿಯುತ್ತ ದಿನ ತಳ್ಳಿದರು. ಕೊನೆಗೆ ಆಸ್ಪತ್ರೆಯಲ್ಲಿ ನೋಡಿದರೆ ಗಂಟಲಲ್ಲಿ ಗಡ್ಡೆ. ಸೋಮವಾರ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಅಷ್ಟರೊಳಗೆ ಒಂದಿಷ್ಟು ವಾಕ್ಯ ಓದಿಟ್ಟರೆ, ಮುಂದೆ ಅವರು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅವರದೇ ದನಿಯಲ್ಲಿ ಹೇಳುತ್ತದೆ ಎಂದು ಆಸ್ಪತ್ರೆಯವರು ತಿಳಿಸಿದ್ದರು. ಮಗಳು ಮನೆಗೆ ಬರುವ ದಾರಿಯಲ್ಲೇ ಮೈಕ್ ಕೊಂಡಿದ್ದಳು.

ಅಪ್ಪ ಮೊದಲ ವಾಕ್ಯ ಓದಿದಾಗ ಪರದೆಯ ಗೆರೆ ಜಿಗಿದು ಕೆಂಪಾಯಿತು.

"ಮೆಲ್ಲಗೆ ಅಪ್ಪ. ಮೈಕ್ ಇರೋದೇ ಅದಕ್ಕೆ."

"ಮೈಕಿಲ್ದೆ ಬದುಕಿದವನು ನಾನು. ನನಗೇನು ಗೊತ್ತು ಇದರ ನಾಜೂಕು?"

ಮುಂದಿನ ವಾಕ್ಯ, "ದಯವಿಟ್ಟು ದೀಪ ಆರಿಸಿ." ಅವರು ತಡೆದರು. "ದಯವಿಟ್ಟು ಅಂತ ನಾನ್ಯಾವತ್ತು ಅಂದಿದೀನಿ?"

"ಇನ್ಮೇಲೆ ಅಂತೀಯಲ್ಲ, ಓದು."

ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಮಗಳು ಪರದೆಯನ್ನೇ ನೋಡುತ್ತ ಕುಳಿತಳು. ಅಮ್ಮ ಈ ಕಡೆ ತಲೆ ಹಾಕಿರಲಿಲ್ಲ. ಕೈತುಂಬ ಕೆಲಸವಿದೆ ಎಂದು ಅಡುಗೆಮನೆ ಸೇರಿದವಳು, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಓದುತ್ತ ಓದುತ್ತ ದನಿ ಸವೆಯಿತು. ಇವತ್ತಿಗೆ ಸಾಕೆಂದು ಮಗಳು ಎದ್ದಾಗ ಅಪ್ಪ ಕೈಸನ್ನೆಯಿಂದ ತಡೆದರು.

"ಇದರಲ್ಲಿಲ್ಲದ್ದು ಒಂದು ಹೇಳ್ಲಾ?"

"ಹೇಳು."

ಅವರು ಮೈಕಿನ ಹತ್ತಿರ ಬಾಗಿದರು. "ಇವಳೇ, ಎಲ್ಲಿದೀಯ? ಸ್ವಲ್ಪ ಬಾ ಇಲ್ಲಿ."

ಪಿಸುಮಾತಿಗಿಂತ ಅಷ್ಟೇನೂ ಹೆಚ್ಚಿರಲಿಲ್ಲ. ಸರಿಯಾಗಿ ಬಂದಿದೆಯೇ ನೋಡಲು ಮಗಳು ಸ್ಪೀಕರಿನ ದನಿ ಏರಿಸಿ ಆ ರೆಕಾರ್ಡಿಂಗ್ ಹಾಕಿದಳು. ಮನೆ ತುಂಬ ಅಪ್ಪ ಕರೆದರು.

ನಲ್ಲಿ ನಿಂತಿತು. "ಬಂದೆ ಇರಿ" ಎನ್ನುತ್ತ ಅಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಗಂಡ ಲೋಟ ಎತ್ತಿ ನೀರು ಕುಡಿಯುತ್ತಿದ್ದರು. ಅವರ ಬಾಯಿ ನೋಡಿದಳು, ಸ್ಪೀಕರ್ ನೋಡಿದಳು.

"ನೀವು ಕರೆದ್ರಿ ಅಂದ್ಕೊಂಡೆ," ಎಂದಳು.

ಮಗಳು ಸ್ಪೀಕರ್ ಆರಿಸಿದಳು.

"ಅದು ಇರ್ಲಿ, ಆಮೇಲಕ್ಕೆ," ಎಂದಳು ಅಮ್ಮ. "ಸೋಮವಾರದ ತನಕ ನೀವೇ ಕರೀರಿ."

ಅವರು ಲೋಟ ಕೆಳಗಿಟ್ಟು ಬಾಯಿ ತೆರೆದರು. ದಣಿದ ಗಂಟಲಿನಿಂದ ಬರಿಯ ಗಾಳಿ ಹೊರಟಿತು. ಮತ್ತೊಮ್ಮೆ ಪ್ರಯತ್ನಿಸಿದರು. ಕತ್ತಿನ ನರ ಉಬ್ಬಿತು.

"ಬಂದೆ," ಎಂದಳು ಆಕೆ, ಎದುರಿಗೇ ನಿಂತು. ಅವಳ ಬೆರಳುಗಳಿಂದ ನೀರು ಒಂದೊಂದೇ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.