ಬೆನ್ನಣ್ಣನ ಷಡ್ಡಕ

ಕೌಬಾಯ್ ಹುಟ್ಟಿದ ನಾಡಿಗೂ ಆ ಕಲ್ಲುಗಣಿಗೂ ಯಾವ ನಂಟೂ ಇರಲಿಲ್ಲ. ಆದರೂ ಕಲ್ಲು ತೆಗೆದು ಬಿಟ್ಟ ಆ ಹಳ್ಳದಲ್ಲಿ ಹಲಗೆಯ ಊರೊಂದು ಎದ್ದು ನಿಂತಿತ್ತು. ಮುಂದುಗಡೆಯಿಂದ ಬ್ಯಾಂಕು, ಜೈಲು, ಸಾರಾಯಿ ಅಂಗಡಿ. ಹಿಂದುಗಡೆ ಬರೀ ಆಸರೆಗೋಲು. ಕುದುರೆ, ಟೋಪಿ, ಪಿಸ್ತೂಲಿನ ಸಿನಿಮಾಗಳು ಅಲ್ಲಿ ಒಂದರ ಹಿಂದೊಂದು ತಯಾರಾಗುತ್ತಿದ್ದವು. ಅವುಗಳಲ್ಲೆಲ್ಲ ನಟರ ಬದಲಿಗೆ ಕುದುರೆಯಿಂದ ಬೀಳುತ್ತಿದ್ದವನು ಒಬ್ಬನೇ. ಪರದೆಯ ಮೇಲೆ ಅವನ ಬೆನ್ನಷ್ಟೇ ಕಾಣುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಬೆನ್ನಣ್ಣ. ಎಂದಾದರೊಂದು ದಿನ ಕ್ಯಾಮೆರಾ ತನ್ನ ಮುಖದ ಕಡೆ ತಿರುಗೀತು ಎಂಬ ಆಸೆಯನ್ನು ಅವನು ಹೆಂಡತಿಗೆ ಮಾತ್ರ ಹೇಳಿಕೊಂಡಿದ್ದ.

ಕ್ಯಾಮೆರಾ ತಿರುಗಿತು, ಆದರೆ ಅವನ ಷಡ್ಡಕನ ಕಡೆಗೆ. ಹೆಂಡತಿಯ ತಂಗಿಯ ಗಂಡನಾದ ಇವನದು ಕನ್ನಡಕದ ಅಂಗಡಿ. ಕುದುರೆ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವ ಆಸಾಮಿ. ಬೆನ್ನಣ್ಣ ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಬಂದವನು ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು ನಿಂತಿದ್ದ. ಆ ಉದ್ದ ಮುಖ, ಗುಳಿಬಿದ್ದ ಕೆನ್ನೆ ನಿರ್ದೇಶಕನ ಕಣ್ಣಿಗೆ ಬಿದ್ದವು. ಡಕಾಯಿತರ ನಾಯಕನ ಪಾತ್ರಕ್ಕೆ ಒಪ್ಪಿದ್ದ ನಟ ಅಂದೇ ಕೈಕೊಟ್ಟಿದ್ದ. ಸಂಜೆಯೊಳಗೆ ಷಡ್ಡಕನ ತಲೆಯ ಮೇಲೆ ಕರಿ ಟೋಪಿ ಕೂತಿತು.

ಅಲ್ಲಿಂದಾಚೆ ಬೆನ್ನಣ್ಣನಿಗೆ ಅನ್ನ ರುಚಿಸಲಿಲ್ಲ. ಅತ್ತೆಯ ಮನೆಯಲ್ಲಿ ಮಾತೆಲ್ಲ ಕಿರಿಯ ಅಳಿಯನದೇ. ಮಾವ ತಮ್ಮ ಆರಾಮಕುರ್ಚಿಯನ್ನೇ ಅವನಿಗೆ ಬಿಟ್ಟುಕೊಟ್ಟರು. ನಾದಿನಿಯ ಕಾಲು ನೆಲದ ಮೇಲಿರಲಿಲ್ಲ. ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಬೆನ್ನಣ್ಣನ ಹೆಂಡತಿಯೇ ಒಂದು ದಿನ ಬಟ್ಟೆ ಮಡಚುತ್ತಾ, ಆ ಟೋಪಿಯ ಕೆಳಗೆ ತಂಗಿಯ ಗಂಡನ ಕಣ್ಣುಗಳು ಎಷ್ಟು ಚೆನ್ನಾಗಿ ಕಾಣುತ್ತವೆ ಎಂದುಬಿಟ್ಟಳು. ಬೆನ್ನಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಸಾಲದ್ದಕ್ಕೆ, ಷಡ್ಡಕನ ಅಂಗಿ ತೊಟ್ಟು ಷಡ್ಡಕನ ಪರವಾಗಿ ನೆಲಕ್ಕೆ ಬೀಳುವ ಕೆಲಸವೂ ಅವನದೇ.

ಡಕಾಯಿತ ಕುದುರೆಯ ಮೇಲೆ ಕೂತು ತಾನು ಬಿಟ್ಟುಹೋಗಲಿರುವ ಊರನ್ನು ಕೊನೆಯ ಸಲ ನೋಡಬೇಕು, ಹಿಂದೆ ಗುಂಡಿನ ಸದ್ದಾಗಬೇಕು, ಅಂಥದ್ದೊಂದು ದೃಶ್ಯವಿತ್ತು. ಕುದುರೆ ಆರಿಸುವವನು ಬೆನ್ನಣ್ಣ. ಲಾಯದಲ್ಲಿ ಆಕಾಶ ಕಳಚಿಬಿದ್ದರೂ ಕದಲದ ಮುದಿ ಕುದುರೆಯೊಂದಿತ್ತು. ಪಟಾಕಿ ಸದ್ದಿಗೂ ಹೌಹಾರುವ ಕಂದು ಹೆಣ್ಣುಕುದುರೆಯೂ ಇತ್ತು. ಅವನ ಕೈ ಕಂದು ಕುದುರೆಯ ಲಗಾಮು ಹಿಡಿಯಿತು.

ಇದು ಹೇಗೆ ಎಂದು ಷಡ್ಡಕ ಅಳುಕುತ್ತಲೇ ಕೇಳಿದ.

"ಸಾಧು ಪ್ರಾಣಿ, ಹತ್ತು," ಎಂದ ಬೆನ್ನಣ್ಣ.

ಗುಂಡು ಸಿಡಿದದ್ದೇ ತಡ, ಕುದುರೆ ಕಿತ್ತುಕೊಂಡು ಓಡಿತು. ಷಡ್ಡಕ ಅದರ ಕುತ್ತಿಗೆಗೆ ಜೋತುಬಿದ್ದ. ಮುಂದೆ ಗಣಿಯ ಆಳವಾದ ಹೊಂಡ. ಅದು ಬೆನ್ನಣ್ಣನ ಲೆಕ್ಕದಲ್ಲಿರಲಿಲ್ಲ. ಪಕ್ಕದಲ್ಲಿದ್ದ ಕುದುರೆಯೇರಿ ಬೆನ್ನಟ್ಟಿ, ಹೊಂಡದ ಅಂಚಿನಲ್ಲಿ ಲಗಾಮು ಹಿಡಿದು ಜಗ್ಗಿ ನಿಲ್ಲಿಸಿದ. ಷಡ್ಡಕ ಜಾರಿ ಅವನ ತೋಳಿಗೇ ಬಿದ್ದ.

"ಅಣ್ಣಾ, ನೀನಿಲ್ದೇ ಹೋಗಿದ್ರೆ ನಾನಿವತ್ತು ಇರ್ತಿರ್ಲಿಲ್ಲ," ಎಂದು ಚಿಕ್ಕ ಮಗುವಿನಂತೆ ಅತ್ತ.

ಸಂಜೆ ಅತ್ತೆಯ ಮನೆಯಲ್ಲಿ ಅವನು ಇದನ್ನು ಮತ್ತೆ ಮತ್ತೆ ಹೇಳಿದ. ಮಾವ ಎದ್ದು ಬೆನ್ನಣ್ಣನನ್ನು ಆರಾಮಕುರ್ಚಿಯಲ್ಲಿ ಕೂರಿಸಿದರು. ನಾದಿನಿ ಕಣ್ಣೊರೆಸಿಕೊಂಡಳು. ಬೆನ್ನಣ್ಣ ಮುಳ್ಳಿನ ಮೇಲೆ ಕೂತಂತೆ ಕೂತ. ಮನೆಗೆ ನಡೆದು ಬರುವಾಗ ಹೆಂಡತಿ ಮಾತು ತೆಗೆದಳು.

"ಕಂದು ಕುದುರೆಗೆ ಗುಂಡಿನ ಸದ್ದು ಆಗಲ್ಲ ಅಂತ ನೀವೇ ಹೇಳಿದ್ರಲ್ಲ."

ಅವನು ಹೆಜ್ಜೆ ಬಿರುಸು ಮಾಡಿದ.

"ಅವನ ಹೆಂಡತಿ ನನ್ನ ತಂಗಿ ರೀ," ಎಂದಳು. ಆಮೇಲೆ ಆ ವಿಷಯವನ್ನು ಎತ್ತಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಮರುದಿನ ಅದೇ ದೃಶ್ಯ. ಬೆನ್ನಣ್ಣ ಮುದಿ ಕುದುರೆಯನ್ನು ತಂದ. ಅಷ್ಟು ಸಾಲದೆಂದು ಕ್ಯಾಮೆರಾದ ಕೆಳಗೆ ಕುಕ್ಕರುಗಾಲಲ್ಲಿ ಕೂತು ಲಗಾಮಿನ ತುದಿಯನ್ನು ತಾನೇ ಹಿಡಿದುಕೊಂಡ. ಗುಂಡು ಸಿಡಿಯಿತು, ಕುದುರೆ ಕಿವಿ ಆಡಿಸಿತು, ಅಷ್ಟೆ. ಅವನು ತಲೆಯೆತ್ತಿ ನೋಡಿದ. ಷಡ್ಡಕ ಆ ಸುಳ್ಳು ಊರನ್ನು, ತಾನು ಆಡಿ ಬೆಳೆದ ಬೀದಿಯೇನೋ ಎಂಬಂತೆ ನೋಡುತ್ತಿದ್ದ. ತಾನು ಅಲ್ಲಿ ಕೂತಿದ್ದರೆ ಟೋಪಿ ಸರಿಯಿದೆಯೇ ಎಂದಷ್ಟೇ ಯೋಚಿಸುತ್ತಿದ್ದೆ ಎಂಬುದು ಬೆನ್ನಣ್ಣನಿಗೆ ಗೊತ್ತಾಯಿತು. ಗೊತ್ತಾದದ್ದರಿಂದ ಉರಿ ಆರಲಿಲ್ಲ; ಇನ್ನೂ ಒಳಕ್ಕಿಳಿಯಿತು. ಲಗಾಮನ್ನು ಮಾತ್ರ ಸಡಿಲ ಬಿಡಲಿಲ್ಲ.

ನಿರ್ದೇಶಕ ಸಾಕು ಎಂದಾಗ ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಷಡ್ಡಕ ಇಳಿಯಲು ತಡಬಡಾಯಿಸಿದ. ಬೆನ್ನಣ್ಣ ಎದ್ದು ಹೋಗಿ ಅವನ ಸೊಂಟಕ್ಕೆ ಕೈ ಆಸರೆ ಕೊಟ್ಟ.

"ಬಲಗಾಲು ಮೊದ್ಲು ತೆಗಿ," ಎಂದ. "ಅವಸರ ಬೇಡ."